ಒಣಗಿಸಲಿಕ್ಕೂ ಕಾವೇರಿಯೇ ಬೇಕು

ಶೋರೂಮಿನಲ್ಲಿ ಸಾಲಾಗಿ ನಿಂತ ವಾಷರ್-ಡ್ರೈಯರ್‌ಗಳ ಹಣೆಯ ಮೇಲೆ ಒಂದು ಸ್ಟಿಕರ್ ಇರುತ್ತದೆ: 8/5. ಮಾರುವ ಹುಡುಗ ಎಂಟನ್ನು ಗಟ್ಟಿಯಾಗಿ ಹೇಳುತ್ತಾನೆ, ಐದನ್ನು ನುಂಗಿಕೊಳ್ಳುತ್ತಾನೆ. ಎಂಟು ಕೆಜಿ ಒಗೆಯಬಹುದು, ಐದು ಕೆಜಿ ಮಾತ್ರ ಒಣಗಿಸಬಹುದು ಎಂದು ಆ ಓರೆಗೆರೆ ಪ್ರಾಮಾಣಿಕವಾಗಿಯೇ ಹೇಳುತ್ತಿರುತ್ತದೆ. ಮಿಕ್ಕ ಮೂರು ಕೆಜಿ ಒದ್ದೆ ಬಟ್ಟೆ ಎಲ್ಲಿಗೆ ಹೋಗಬೇಕು ಎಂದು ಕೇಳೋಣವೆಂದರೆ, ಅಷ್ಟರಲ್ಲಿ ಇಎಂಐ ಫಾರ್ಮಿಗೆ ಸಹಿ ಬಿದ್ದಿರುತ್ತದೆ.

ಮಷೀನ್ ಮನೆಗೆ ಬರುತ್ತದೆ. ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಡ್ರಮ್ಮಿಗೆ ತುಂಬುವಷ್ಟು ಬಟ್ಟೆ ತುಂಬಿ, ‘ವಾಷ್ ಆ್ಯಂಡ್ ಡ್ರೈ’ ಒತ್ತಿ ಮಲಗುತ್ತಾರೆ. ಬೆಳಿಗ್ಗೆ ತೆಗೆದರೆ ಇಡ್ಲಿ ಪಾತ್ರೆಯಿಂದ ಈಗಷ್ಟೇ ಇಳಿಸಿದಂತೆ ಬಿಸಿಬಿಸಿ, ಮೆತ್ತಗಿನ, ಹಬೆಯಾಡುವ ಪ್ಯಾಂಟುಗಳು. ಬಟ್ಟೆ ಬೆಂದಿದೆ, ಒಣಗಿಲ್ಲ. ಅಂದೇ ಕಸ್ಟಮರ್ ಕೇರಿಗೆ ಮೊದಲ ಫೋನು.

ಮಷೀನಿನ ಪರವಾಗಿ ಯಾರೂ ಮಾತಾಡದ ಕಾರಣ, ವಕಾಲತ್ತು ನಾನೇ ವಹಿಸುತ್ತೇನೆ. ಐದು ಕೆಜಿ ಬಟ್ಟೆಯನ್ನು ಎಷ್ಟು ಜೋರಾಗಿ ತಿರುಗಿಸಿ ಹಿಂಡಿದರೂ ಅದರ ತೂಕದ ಅರ್ಧದಷ್ಟು ನೀರು ಅದರಲ್ಲೇ ಉಳಿಯುತ್ತದೆ. ಅಂದರೆ ಹೆಚ್ಚುಕಡಿಮೆ ಎರಡೂವರೆ ಲೀಟರ್. ಒಂದು ಲೀಟರ್ ನೀರು ಆವಿಯಾಗಲು 2257 ಕಿಲೋಜೌಲ್ ಶಾಖ ಬೇಕು, ನಮ್ಮ ಮೀಟರಿನ ಭಾಷೆಯಲ್ಲಿ 0.63 ಯೂನಿಟ್. ಎರಡೂವರೆ ಲೀಟರಿಗೆ ಒಂದೂವರೆ ಯೂನಿಟ್‌ಗಿಂತ ಹೆಚ್ಚೇ ಆಯಿತು. ಇದು ಪ್ರಕೃತಿಯ ದರ, ಇದಕ್ಕೆ ಆಷಾಢದ ಡಿಸ್ಕೌಂಟ್ ಇಲ್ಲ. ಅಲ್ಲಿ ಇಲ್ಲಿ ಸೋರಿಹೋಗುವ ಶಾಖ, ಫ್ಯಾನು, ಡ್ರಮ್ ತಿರುಗುವ ಖರ್ಚು ಎಲ್ಲ ಇದರ ಮೇಲೆ. ಐದರ ಬದಲು ಎಂಟು ಕೆಜಿ ತುಂಬಿದರೆ ನೀರೂ ನಾಲ್ಕು ಲೀಟರಾಗುತ್ತದೆ, ಗಾಳಿಯಾಡುವ ಜಾಗವೂ ಹೋಗುತ್ತದೆ. ಒಂದು ಜೀನ್ಸ್ ಪ್ಯಾಂಟೇ ಮುಕ್ಕಾಲು ಕೆಜಿ ತೂಗುವ ಕಾಲದಲ್ಲಿ ಐದು ಕೆಜಿ ಎಂದರೆ ಎಷ್ಟು ಬಟ್ಟೆ, ಲೆಕ್ಕ ಹಾಕಿ. ಮನೆ ಕಾರನ್ನು ನಿಲ್ಲಿಸುವಾಗ ಇಂಚಿಂಚು ನೋಡುವವರು ಡ್ರಮ್ಮಿಗೆ ಬಟ್ಟೆಯನ್ನು ಮೊಣಕಾಲಿನಿಂದ ಒತ್ತಿ ತುಂಬುವುದನ್ನು ಕಣ್ಣಾರೆ ಕಂಡಿದ್ದೇನೆ.

ದೂರು ಕೊಟ್ಟ ಮೇಲೆ ಒಬ್ಬ ಟೆಕ್ನಿಷಿಯನ್ ಬರುತ್ತಾನೆ. ಬ್ಯಾಗು ತೆರೆಯುವ ಮೊದಲೇ ವಿಚಾರಣೆ ಶುರು.

“ಲೋಡ್ ಎಷ್ಟ್ ಹಾಕ್ತೀರಾ ಮೇಡಂ?”

“ಎಂಟು ಕೆಜಿ ಮಷೀನ್ ಅಲ್ವೇನಪ್ಪಾ? ಎಂಟೇ.”

“ಅದು ವಾಷಿಂಗ್‌ಗೆ ಮೇಡಂ.”

ಆಮೇಲೆ ಅವನು ಎರಡು ಟವೆಲ್ ಕೇಳಿ ಇಸಿದುಕೊಂಡು ಒದ್ದೆ ಮಾಡಿ ಹಾಕುತ್ತಾನೆ. ಎರಡು ಟವೆಲನ್ನು ಒಣಗಿಸದ ಮಷೀನ್ ಇನ್ನೂ ಹುಟ್ಟಿಲ್ಲ. “ನೋಡಿ ಮೇಡಂ, ಮಷೀನ್ ಓಕೆ ಇದೆ. ಒಂದು ಓಟಿಪಿ ಬಂದಿರತ್ತೆ, ಹೇಳ್ಬಿಡಿ, ಕಂಪ್ಲೇಂಟ್ ಕ್ಲೋಸ್ ಮಾಡ್ಬೇಕು.” ಓಟಿಪಿ ಹೇಳುವವರೆಗೆ ಅವನು ಏಳುವುದಿಲ್ಲ, ಹೇಳಿದ ಮೇಲೆ ಸಿಗುವುದಿಲ್ಲ. ಹೋಗುವ ಮುನ್ನ, ಬೋರ್‌ವೆಲ್ ನೀರಲ್ವಾ, ಹೀಟರಿಗೆ ಉಪ್ಪು ಕಟ್ಟಿರತ್ತೆ ಎಂದು ಒಂದು ಪ್ಯಾಕೆಟ್ ಪೌಡರ್ ಮಾರುತ್ತಾನೆ. ಇಲ್ಲೊಂದು ಗುಟ್ಟು ಹೇಳಿಬಿಡಬೇಕು. ಇಂಥ ಮಷೀನಿನಲ್ಲಿ ಹೀಟರ್ ಎರಡು. ಒಗೆಯುವ ನೀರು ಕಾಯಿಸುವುದೊಂದು, ಉಪ್ಪು ಕಟ್ಟುವುದು ಅದಕ್ಕೆ. ಒಣಗಿಸುವ ಗಾಳಿ ಕಾಯಿಸುವುದು ಇನ್ನೊಂದು, ಅದು ಮೇಲಿನ ಗಾಳಿಕೊಳವೆಯೊಳಗೆ ಕೂತಿರುತ್ತದೆ, ಪೌಡರ್ ಕಲಸಿದ ನೀರನ್ನು ಜನ್ಮದಲ್ಲಿ ಮುಟ್ಟುವುದಿಲ್ಲ. ಕೆಮ್ಮು ಎಂದು ಹೋದವರ ಕಾಲಿಗೆ ಮುಲಾಮು ಹಚ್ಚಿ ಕಳಿಸುವ ವೈದ್ಯವಿದು.

ಹಾಗೆಂದು ಎಲ್ಲ ತಪ್ಪೂ ಮೊಣಕಾಲಿನಲ್ಲಿ ತುಂಬುವವರದೇ ಅಲ್ಲ. ಈ ಕಾಂಬೋ ಎಂಬ ಪ್ರಾಣಿ ಹೇಗೆ ಒಣಗಿಸುತ್ತದೆ ಎಂಬುದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಅಮೆರಿಕದ ಮನೆಗಳಲ್ಲಿ ಸಾಮಾನ್ಯವಾಗಿ ಇರುವ ಡ್ರೈಯರ್, ಹಸಿ ಗಾಳಿಯನ್ನು ದಪ್ಪ ಪೈಪಿನಲ್ಲಿ ಗೋಡೆಯಾಚೆ ಊದಿಬಿಡುತ್ತದೆ. ಕಾಂಬೋಗೆ ಆ ಪೈಪಿಲ್ಲ. ಅದು ಬಿಸಿಗಾಳಿಯನ್ನು ಬಟ್ಟೆಯ ನಡುವೆ ಹಾಯಿಸಿ, ಹಸಿಯಾದ ಗಾಳಿಯನ್ನು ಬೆನ್ನಿನ ಹಿಂದಿನ ಕಂಡೆನ್ಸರ್ ಕೊಳವೆಗೆ ಎಳೆದು, ಅಲ್ಲಿ ನಲ್ಲಿಯ ತಣ್ಣೀರು ಬಿಟ್ಟು ಆವಿಯನ್ನು ಮತ್ತೆ ನೀರಾಗಿಸಿ, ಅದನ್ನೂ ಇದನ್ನೂ ಸೇರಿಸಿ ಡ್ರೇನ್ ಪೈಪಿನಿಂದ ಹೊರಗೆ ಕಳಿಸುತ್ತದೆ. ಅಂದರೆ ಬಟ್ಟೆ ಒಣಗಿಸಲು ನಲ್ಲಿ ತೆರೆದಿರಬೇಕು. ಎರಡೂವರೆ ಲೀಟರ್ ನೀರು ಓಡಿಸಲು ಹತ್ತಾರು ಲೀಟರ್ ನೀರು! ಒಗೆದಾಯಿತಲ್ಲ, ಇನ್ನೇಕೆ ನೀರು ಎಂದು ಮಿತವ್ಯಯದ ಮನೆಯೊಡೆಯರು ಟ್ಯಾಪ್ ಕಟ್ಟುತ್ತಾರೆ. ಒಳಗೆ ಬಟ್ಟೆ ತನ್ನ ಹಬೆಯಲ್ಲಿ ತಾನೇ ಬೇಯುತ್ತದೆ. ನೀರು ಕೇಳದ, ಹೀಟ್ ಪಂಪ್ ಇರುವ ಮಾದರಿಗಳೂ ಇವೆ. ನೀವು ಅವುಗಳ ಬೆಲೆ ಕೇಳಬೇಡಿ.

ಟ್ಯಾಪ್ ತೆರೆದೇ ಇಟ್ಟರೂ ಮೇಲ್ಮಹಡಿಯವರ ಕಷ್ಟ ಬೇರೆ. ಹತ್ತು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು ಒಂದು ಬಾರ್. ಟ್ಯಾಂಕ್ ನೆತ್ತಿಯ ಮೇಲೇ ಕೂತಿರುವ ಕಡೆಯ ಮಹಡಿಯ ಫ್ಲ್ಯಾಟಿಗೆ ಎರಡು ಮೂರು ಮೀಟರ್ ಎತ್ತರ ಸಿಕ್ಕರೆ ಪುಣ್ಯ. ಒತ್ತಡ ಬಾರ್‌ನ ಕಾಲು ಭಾಗದ ಆಸುಪಾಸು. ‘ಪೆಂಟ್‌ಹೌಸ್’ ಎಂದು ಕೋಟಿಗಟ್ಟಲೆ ಕೊಟ್ಟು ಮುಗಿಲಿಗೆ ಹತ್ತಿರವಾದವರ ಬಟ್ಟೆಯೇ ಎಲ್ಲರಿಗಿಂತ ಒದ್ದೆ.

ಇನ್ನು ಜುಂಗು. ಹೊಸ ಟವೆಲ್ ಬಿಡುವ ನೂಲಿನ ಜುಂಗೆಲ್ಲ ಗಾಳಿಯ ಜೊತೆ ಹೋಗಿ ಒದ್ದೆ ಕಂಡೆನ್ಸರಿಗೆ ಅಂಟಿ, ಕಾಲಕ್ರಮೇಣ ಕಂಬಳಿಯೇ ಆಗುತ್ತದೆ. ಬರಿಯ ಡ್ರೈಯರ್‌ಗಾದರೆ ಜುಂಗು ಹಿಡಿಯಲು ಕೈಗೆಟುಕುವ ಜಾಲರಿ ಇರುತ್ತದೆ. ಎಷ್ಟೋ ಕಾಂಬೋಗಳಲ್ಲಿ ಅದೇ ಇಲ್ಲ. ಕೆಳಗಿರುವ ಪುಟ್ಟ ಬಾಗಿಲ ಫಿಲ್ಟರ್ ಹಿಡಿಯುವುದು ಜೇಬಿನ ಚಿಲ್ಲರೆ, ಗುಂಡಿ, ಹೇರ್‌ಪಿನ್ನು. ಅದನ್ನೂ ಆಗಾಗ ತೆಗೆದು ತೊಳೆಯಬೇಕು ಎಂಬುದು ಬೇರೆ ಮಾತು, ಯಾಕೆಂದರೆ ನೀರು ಹೊರಗೆ ಹೋಗದೆ ಒಣಗುವುದೆಂತು? ಕಂಡೆನ್ಸರ್ ಕಟ್ಟಿಕೊಂಡಾಗ ಗಾಳಿ ಓಡಾಡದೆ ಹೀಟರ್ ವಿಪರೀತ ಕಾಯುತ್ತದೆ, ಮನೆ ಸುಡದಿರಲೆಂದು ಇಟ್ಟ ಥರ್ಮೋಸ್ಟ್ಯಾಟ್ ಅದನ್ನು ಆರಿಸಿಬಿಡುತ್ತದೆ. ಡ್ರಮ್ ತಿರುಗುತ್ತಲೇ ಇರುತ್ತದೆ, ಪರದೆಯ ಮೇಲೆ ನಿಮಿಷಗಳು ಇಳಿಯುತ್ತಲೇ ಇರುತ್ತವೆ, ಕೊನೆಗೆ ಜಯಘೋಷದ ಸಂಗೀತವೂ ಮೊಳಗುತ್ತದೆ. ಒಳಗೆ ನಡೆದದ್ದು ಮಾತ್ರ ತಣ್ಣನೆಯ ಪ್ರದಕ್ಷಿಣೆ. ಕೊಳವೆ ಶುಚಿ ಮಾಡಲು ಹಿಂಭಾಗ ಬಿಚ್ಚಬೇಕು. ನೀವು ಬಿಚ್ಚಿದರೆ ವಾರಂಟಿ ಇಲ್ಲ. ಅವರು ಬಿಚ್ಚಿದರೆ, ‘ಜುಂಗು ವಾರಂಟಿಯಲ್ಲಿ ಬರಲ್ಲ ಸಾರ್.’

ಇಷ್ಟೆಲ್ಲ ಕಷ್ಟಪಟ್ಟು ಯಾವ ಊರಿನಲ್ಲಿ ಬಟ್ಟೆ ಒಣಗಿಸುತ್ತಿದ್ದೇವೆ? ವರ್ಷದ ಬಹುಪಾಲು ದಿನ ಹಗ್ಗಕ್ಕೆ ಹಾಕಿದ ಬಟ್ಟೆ ಮಧ್ಯಾಹ್ನದೊಳಗೆ ಗರಿಗರಿಯಾಗುವ ಬೆಂಗಳೂರಿನಲ್ಲಿ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರಿನಷ್ಟು ದೂರ ಪಂಪ್ ಮಾಡಿ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಏರಿಸಿ ತಂದ ಕಾವೇರಿ, ಪ್ಯಾಂಟಿನ ಆವಿ ತಣಿಸಿ ಚರಂಡಿ ಸೇರುತ್ತಾಳೆ. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ, ಕುಡಿಯುವ ನೀರಲ್ಲಿ ಕಾರು ತೊಳೆದವರಿಗೆ ಜಲಮಂಡಳಿ 5,000 ರೂಪಾಯಿ ದಂಡ ಎಂದಿತು. ಕಾರಿಗೆ ನೀರು ಹಾಕಿದರೆ ಅಪರಾಧ, ಹಬೆಗೆ ಹಾಕಿದರೆ ಆಧುನಿಕತೆ. ಆಗುಂಬೆಯ ಕಡೆಯವರು ಈ ಮಷೀನ್ ಕೊಂಡರೆ ನನ್ನದೇನೂ ತಕರಾರಿಲ್ಲ. ಆಷಾಢದಲ್ಲಿ ಬಚ್ಚಲ ಒಲೆಯ ಮೇಲೆ ತಂತಿ ಕಟ್ಟಿ, ಹೊಗೆ ವಾಸನೆಯ ಅಂಗಿ ತೊಟ್ಟು ಶಾಲೆಗೆ ಹೋದವರೇ ಬಲ್ಲರು ಅದರ ಬೆಲೆ. ಆದರೆ ಅಲ್ಲಿ ಮಳೆ ಬಂದರೆ ಕರೆಂಟಿಲ್ಲ, ಇಲ್ಲಿ ಕರೆಂಟಿದೆ ಎಂದರೆ ಬಿಸಿಲೂ ಇದೆ. ದಿನಾ ಒಂದು ಲೋಡ್ ಒಣಗಿಸುವವರ ಮನೆಯಲ್ಲಿ ಗೃಹಜ್ಯೋತಿಯ 200 ಯೂನಿಟ್ಟೇ ಬೆವರುತ್ತದೆ.

ಹಾಗಾದರೆ ಜನ ಯಾಕೆ ಕೊಳ್ಳುತ್ತಾರೆ? ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ವಾಟ್ಸ್ಆ್ಯಪ್ ಗುಂಪು ನೋಡಿ. ಬಾಲ್ಕನಿಯಲ್ಲಿ ಬಟ್ಟೆ ಕಂಡರೆ ಫೋಟೋ, ಫೋಟೋ ಕೆಳಗೆ ಫ್ಲ್ಯಾಟ್ ನಂಬರು, ನಂಬರಿನ ಕೆಳಗೆ ಕೈಮುಗಿದ ಎಮೋಜಿ. ‘ನಮ್ಮ ಎಲಿವೇಷನ್ ಹಾಳಾಗುತ್ತಿದೆ, ರೀಸೇಲ್ ವ್ಯಾಲ್ಯೂ ಬೀಳುತ್ತದೆ’ ಎಂದು ಕಾರ್ಯದರ್ಶಿಗಳ ವಿನಂತಿ. ಒಂದು ಲುಂಗಿ ಗಾಳಿಗೆ ಆಡಿದರೆ ಚದರಡಿಗೆ ಇಷ್ಟು ರೂಪಾಯಿ ನಷ್ಟ ಎಂಬ ಅರ್ಥಶಾಸ್ತ್ರ ಇಲ್ಲಿ ಹುಟ್ಟಿದ್ದು. ಗಂಡಸರ ಬನಿಯನ್ನಿಗೆ ಹೋಗುವಷ್ಟು ಮಾನ ಆ ಎಲಿವೇಷನ್ನಿಗೆ ಹೇಗೆ ಬಂತೋ! ಡ್ರೈಯರ್‌ಗಳ ತವರಾದ ಅಮೆರಿಕದಲ್ಲೇ, ಫ್ಲಾರಿಡಾ ರಾಜ್ಯದ ಕಾನೂನು ಬಟ್ಟೆ ಹಗ್ಗವನ್ನು ನಿಷೇಧಿಸುವ ಹಕ್ಕನ್ನು ಇಂಥ ಸಂಘಗಳಿಂದ ಕಿತ್ತುಕೊಂಡಿದೆ. ಅಲ್ಲಿಂದ ನಾವು ತಂದುಕೊಂಡದ್ದು ನಿಷೇಧ ಮಾತ್ರ. ಕಾನೂನಿಗೆ ಲಗೇಜಿನಲ್ಲಿ ಜಾಗ ಸಾಲಲಿಲ್ಲ.

ಟೆರೇಸಾದರೂ ಇದೆಯಲ್ಲ ಎಂದಿರಾ? ಟೆರೇಸಿಗೆ ಬೀಗ. ಕೀಲಿ ಕಾರ್ಯದರ್ಶಿಗಳ ಬಳಿ, ಕಾರ್ಯದರ್ಶಿಗಳು ಮಗಳ ಬಾಣಂತನಕ್ಕೆ ಸ್ಯಾನ್ ಹೋಸೆಯಲ್ಲಿ. ಅಲ್ಲದೆ ಅಲ್ಲೀಗ ಸೋಲಾರ್ ಪ್ಯಾನೆಲ್ ಹಾಕಿದ್ದಾರೆ. ಪ್ಯಾನೆಲ್ಲು ತನ್ನ ಮೇಲೆ ಬಿದ್ದ ಬಿಸಿಲಿನ ಐದನೇ ಒಂದು ಪಾಲನ್ನು ವಿದ್ಯುತ್ ಮಾಡುತ್ತದೆ, ಆ ವಿದ್ಯುತ್ತು ಕೆಳಗಿಳಿದು ಹೀಟರಾಗುತ್ತದೆ, ಹೀಟರು ಆವಿ ಎಬ್ಬಿಸುತ್ತದೆ, ಆವಿಗೆ ಕಾವೇರಿ ಬೀಳುತ್ತದೆ. ಬಿಸಿಲಿನಿಂದ ಬಟ್ಟೆ ಒಣಗಿಸುವ ಈ ಸುತ್ತುದಾರಿಯನ್ನು ‘ಗ್ರೀನ್ ಲಿವಿಂಗ್’ ಎಂದು ವಾರ್ಷಿಕ ಮಹಾಸಭೆಯಲ್ಲಿ ಚಪ್ಪಾಳೆಯೊಂದಿಗೆ ಅಂಗೀಕರಿಸಲಾಯಿತು. ಅದೇ ಸಭೆಯಲ್ಲಿ ಇನ್ನೊಂದು ನಿರ್ಣಯವೂ ಆಯಿತು: ಪ್ಯಾನೆಲ್ ಸ್ಟ್ಯಾಂಡಿಗೆ ಯೂನಿಫಾರ್ಮ್ ಒಣಗಹಾಕಿದ ರಾತ್ರಿ ಪಾಳಿಯ ಸೆಕ್ಯೂರಿಟಿಗೆ ನೂರು ರೂಪಾಯಿ ದಂಡ.