ಪತ್ರಾಸ ಮನಿ ಬ್ಯಾಡ ತಂಗಿ

"ಏನ್ ತಂಗಿ, ಘತ್ತರಗಿ ಕಡಿ ಮನಿ ನೋಡ್ಲಾಕತ್ತೀರಂತ, ಖರೇನಾ?"

"ಹೌದಕ್ಕಾ. ಇಲ್ಲಿ 3500 ಬಾಡಗಿ, ಅಲ್ಲಿ 2200ಕ್ಕ ಕೊಡ್ತೀವಿ ಅಂದಾರ. ಸಕ್ರಿ ಕಾರ್ಖಾನಿ ಸೀಜನ್ ಮುಗೀತು, ಇವರ ಓವರ್‌ಟೈಮ್ ನಿಂತದ. ಮಾಲಕರು ನೋಡಿದ್ರ ಯುಗಾದಿ ಆದಮ್ಯಾಲ ಇನ್ನಾ 300 ಏರಸ್ತೀವಿ ಅಂತಾರ."

"ಆ ಮನಿ ಮ್ಯಾಲ ಏನದ? ಸ್ಲ್ಯಾಬೋ ಪತ್ರಾಸೋ?"

"ಪತ್ರಾಸ."

"ಹಂಗಿದ್ರ ಅವಸರ ಮಾಡಬ್ಯಾಡ. ನಮ್ಮ ಕಡಿ ಮೇ ತಿಂಗಳದಾಗ 42, 43 ಡಿಗ್ರಿ ಬಿಸಿಲು. ಮದಿವಿ ಆದ ಹೊಸದಾಗಿ ನಾವೂ ಪತ್ರಾಸ ಮನ್ಯಾಗೇ ಇದ್ದಿವಿ. ಮಧ್ಯಾಹ್ನ ಫ್ಯಾನ್ ಹಾಕಿದ್ರ ಮ್ಯಾಲಿನ ಝಳಾನೇ ಕೆಳಗ ಇಳೀತಿತ್ತು. ಪತ್ರಾಸ ಮ್ಯಾಲ ತೊಗರಿ ಕಟಗಿ ಹಾಸಿ, ಅದರ ಮ್ಯಾಲ ಕಬ್ಬಿನ ರವದಿ ಹರವಿ, ಸಂಜಿಗೆ ನೀರು ಹೊಡೀತಿದ್ದಿವಿ. ಆಗ ಕೂಸು ಎರಡು ತಾಸು ಮಲಗೋದು. ನಿಮ್ಮ ಮನಿಯವರಿಗೆ ರಾತ್ರಿ ಪಾಳಿ ಬಂದ್ರ ಹಗಲು ಎಲ್ಲಿ ಮಲಗಬೇಕು ಹೇಳು?"

"ಅದೂ ವಿಚಾರ ಮಾಡಿದ್ದಿಲ್ಲ ನೋಡಕ್ಕಾ. ಬಸ್ಸರೆ ಪುಕ್ಕಟ ಅದ ಅಂದ್ಕೊಂಡಿದ್ದೆ."

"2023ರ ಜೂನ್‌ನಿಂದ ಪುಕ್ಕಟ ಇರೋದು ಹೆಣ್ಣುಮಕ್ಕಳಿಗೆ. ಗಂಡಸರಿಗೆ ಟಿಕೀಟ ಅದ. ಮತ್ತ ನಡುರಾತ್ರಿ ಪಾಳಿ ಬಿಟ್ರ ಬಸ್ಸೆಲ್ಲಿ ಸಿಗ್ತದ? ಗಾಡಿ ಮ್ಯಾಲೇ ಬರಬೇಕು. ಪೆಟ್ರೋಲ್ ನೂರು ದಾಟ್ಯದ. ದಿನಕ್ಕ ಮೂವತ್ತು ರೂಪಾಯಿ ಹಿಡಿದ್ರೂ ತಿಂಗಳಿಗೆ 900. ಉಳಿಯೋದು 400."

"400 ಅಂದ್ರೂ ನಮಗ ದೊಡ್ಡದೇ ಅಕ್ಕಾ. ಜೂನ್ ಬಂತಂದ್ರ ಸಾಲಿ ಖರ್ಚು."

"ದೊಡ್ಡದೇ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಹೊಳಿ ದಂಡಿ ಅದು. 2020ರ ಅಕ್ಟೋಬರ್‌ದಾಗ ಉಜನಿ ಡ್ಯಾಮಿನ ನೀರು ಬಿಟ್ಟಾಗ ಭೀಮಾ ಹೊಳಿ ಊರೂರು ಹೊಕ್ಕಿತ್ತು, ಮಂದಿ ಕಾಳು ಕಡಿ ಬಿಟ್ಟು ಓಡಿ ಬಂದ್ರು. ಆ ಮನಿಗೆ ನೀರು ಬಂದಿತ್ತೇನು ಅಂತ ಬಾಜೂ ಮನಿಯವರಿಗೆ ಕೇಳು, ಮಾಲಕರಿಗಲ್ಲ. ಮತ್ತ ಕರೆಂಟಿಂದೂ ಅದ. ಗೃಹಜ್ಯೋತಿ ಈ ಮನಿ ಮೀಟರಿಗೆ ಜೋಡಿಸೀರಿ. ಬಿಟ್ಟು ಹೋಗೂ ಮುಂದ ಇಲ್ಲಿಂದು ತೆಗಿಸಿ ಅಲ್ಲಿ ಹೊಸದಾಗಿ ಆಧಾರ್ ಜೋಡಿಸಬೇಕು, ಇಲ್ಲಂದ್ರ ಬಿಲ್ ನಿಮ್ಮ ತಲಿ ಮ್ಯಾಲ."

"ಹಂಗಾದ್ರ ಇಲ್ಲೇ ಇದ್ದು 3800 ಕೊಡಬೇಕಾ?"

"ಯಾಕ? ನಮ್ಮ ಹವಳಗಾದಾಗೇ ಹಿಂದಿನ ಓಣ್ಯಾಗ ಒಂದು ಫರಸಿ ಮನಿ ಖಾಲಿ ಆಗ್ಲಾಕತ್ತದ. 2700 ಅಂತಾರ. ಎರಡೇ ಖೋಲಿ, ಬಚ್ಚಲ ಹೊರಗ. ಆದ್ರ ಮ್ಯಾಲ ಶಹಾಬಾದಿ ಕಲ್ಲು, ಗ್ವಾಡಿ ದಪ್ಪ, ಗಾಡಿ ಖರ್ಚಿಲ್ಲ. ಮಕ್ಕಳ ಸಾಲೀನೂ ಬದಲಾಗಂಗಿಲ್ಲ. ನಾ ಅಂತೂ ಅದನ್ನೇ ಹಿಡೀ ಅಂತೀನಿ."

"ನೀರು?"

"ನಳ ಅಂಗಳದಾಗೇ ಅದ, ಎಷ್ಟು ದಿನಕ್ಕ ಬಿಡ್ತಾರ ಕೇಳಬೇಕು. ಇಲ್ಲಿನ ಡಿಪಾಜಿಟ್ ಕೈಗೆ ಬರೂ ಮಟ ಅಲ್ಲಿ ರೊಕ್ಕಾ ಕೊಡಬ್ಯಾಡ ಮತ್ತ. ನಾಳಿ ಮಧ್ಯಾಹ್ನ ಎರಡಕ್ಕ ಹೋಗೋಣು, ಬಿಸಿಲಾಗೇ ನೋಡಬೇಕು. ಕೀಲಿ ಅವರ ಸೊಸಿ ಹತ್ರ ಅದ, ಸಂಜಿಗೆ ನಾನೇ ಹೋಗಿ ಇಸ್ಕೊಂಡು ಬರ್ತೀನಿ."