ನಿರ್ಜಲ ನೌಕೋತ್ಥಾಪನ ಮೀಮಾಂಸೆ

ನೀರಿಲ್ಲದಲ್ಲಿ ದೋಣಿಯನ್ನು ಮೇಲೆತ್ತುವ ವಿದ್ಯೆಗೆ ನಿರ್ಜಲ ನೌಕೋತ್ಥಾಪನ ಶಾಸ್ತ್ರವೆಂದು ಹೆಸರು. ಹೆಸರಿಟ್ಟವರು ನಾವೇ ಆದ್ದರಿಂದ ಅದರ ಪ್ರಾಮಾಣ್ಯದ ಬಗ್ಗೆ ವಿವಾದವಿಲ್ಲ. ಸ್ಕಾಟ್ಲೆಂಡಿನ ಫಾಲ್ಕರ್ಕ್ ಚಕ್ರ 2002ರಿಂದ ದೋಣಿಗಳನ್ನು ನೀರಿನ ತೊಟ್ಟಿಯ ಸಮೇತ 24 ಮೀಟರ್ ಎತ್ತುತ್ತಿದೆ. ಚೀನಾದ ತ್ರೀ ಗಾರ್ಜಸ್ ಅಣೆಕಟ್ಟಿನ ಲಿಫ್ಟು 3,000 ಟನ್ನಿನ ಹಡಗನ್ನು 113 ಮೀಟರ್ ಎತ್ತುತ್ತದೆ. ಇವು ಶಾಸ್ತ್ರದ ಬಾಲಪಾಠ ಮಾತ್ರ, ಯಾಕೆಂದರೆ ಎರಡಕ್ಕೂ ನೀರು ಬೇಕು. ಅಮೆರಿಕದ ಸರೋವರಗಳ ದಂಡೆಯ ಖಾಸಗಿ ದೋಣಿ ಲಿಫ್ಟುಗಳ ಪಾಡೂ ಅಷ್ಟೇ: ನೀರು ಇಳಿದರೆ ದೋಣಿ ತೇಲಿ ಬಂದು ತೊಟ್ಟಿಲೇರದು, ಲಿಫ್ಟನ್ನೇ ಆಳಕ್ಕೆ ಒಯ್ದು ನಿಲ್ಲಿಸಬೇಕು. ನೀರಿನ ಹಂಗು ಪೂರ್ತಿ ಹರಿದುಕೊಂಡ ಲಿಫ್ಟು ಕಾಣಬೇಕಾದರೆ ಅಫಜಲಪುರ ತಾಲೂಕಿನ ಸೊನ್ನದ ಕಡೆ, ಭೀಮಾ ತೀರಕ್ಕೆ ಬರಬೇಕು. ಬಿದಿರ ಬುಟ್ಟಿಗೆ ಹೊದಿಕೆ ಬಿಗಿದು ಡಾಂಬರು ಬಳಿದ ಹರಿಗೋಲನ್ನು ಅಂಬಿಗ ಬೋರಲು ಮಾಡಿ ತಲೆಯ ಮೇಲೆ ಹೊತ್ತು ನಡೆಯುತ್ತಾನೆ. ಕರೆಂಟು ಬೇಡ, ಟೆಂಡರು ಬೇಡ. ಇದೇ ಶಿರೋಧೃತ ನೌಕೋತ್ಥಾಪಕ. ಅದರ ಬೇರಿಂಗು ಅಂಬಿಗನ ಕುತ್ತಿಗೆ.

ಶಾಸ್ತ್ರವೆಂದ ಮೇಲೆ ವರ್ಗೀಕರಣ ಇರಲೇಬೇಕು. ಅಲ್ಪಜಲವು ಚತುರ್ವಿಧ. ಮೊದಲನೆಯದು ಲಿಖಿತಜಲ: ಕಡತದಲ್ಲಿ ಹರಿಯುವಂಥದ್ದು, ಆವಿಯಾಗದು. ಎರಡನೆಯದು ಮೃತಜಲ. ಭೀಮೆಗೆ ಮೇಲ್ಗಡೆ, ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿ ಕಟ್ಟಿದ ಉಜನಿ ಜಲಾಶಯ ಸುಮಾರು 117 ಟಿಎಂಸಿ ಹಿಡಿಯುತ್ತದೆ. ಅದರಲ್ಲಿ 63ಕ್ಕೂ ಮಿಕ್ಕಿ 'ಡೆಡ್ ಸ್ಟೋರೇಜ್', ಅಂದರೆ ಬದುಕಿದ ನೀರಿಗಿಂತ ಸತ್ತ ನೀರೇ ಹೆಚ್ಚು. ಸೊನ್ನದ ಬ್ಯಾರೇಜು ಹಿಡಿಯುವುದು ಮೂರು ಟಿಎಂಸಿ ಚಿಲ್ಲರೆ. ಉಜನಿಯ ಸತ್ತ ನೀರಿನಿಂದಲೇ ಅದನ್ನು ಇಪ್ಪತ್ತು ಸಲ ತುಂಬಬಹುದು. ಮೂರನೆಯದು ಋಣಜಲ: 2024ರ ಬೇಸಿಗೆಯಲ್ಲಿ ಮೃತಜಲಕ್ಕೂ ಕೈಯಿಟ್ಟಾಗ ಉಜನಿಯ ಮಟ್ಟವನ್ನು ಮೈನಸ್ ಶೇಕಡದಲ್ಲಿ ಹೇಳುತ್ತಿದ್ದರು. ಸಿದ್ಧರಾಮ ಕೆರೆ ಕಟ್ಟಿಸಿದ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಸೊನ್ನಲಿಗೆಯ ಸೀಮೆಯಲ್ಲಿ ಸೊನ್ನೆಗಿಂತ ಕೆಳಗಿಳಿದ ನೀರು ಸೊನ್ನಕ್ಕೆ ಎಷ್ಟು ಬಂದೀತೆಂಬ ಲೆಕ್ಕವನ್ನು ಸ್ಥಳನಾಮ ಪಂಡಿತರಿಗೆ ಬಿಡೋಣ. ನಾಲ್ಕನೆಯದು... ಸಾಕು. ಹೊಳೆ ಬತ್ತಿದೆ, ಅದಕ್ಕೆ ಎಷ್ಟು ವಿಧವಾದರೇನು?

ಹೆಸರುಗಳು ನಮ್ಮವಾದರೂ ಈ ಪದಾಡಂಬರದ ಚಾಳಿ ನಮ್ಮದಲ್ಲ, ಕಚೇರಿಗಳಿಂದ ಕಡ ತಂದದ್ದು. 'ಏತ' ಎಂಬ ಪದವನ್ನೇ ತೆಗೆದುಕೊಳ್ಳಿ: ಭೀಮಾ ಏತ ನೀರಾವರಿ ಯೋಜನೆ 24 ಸಾವಿರಕ್ಕೂ ಮಿಕ್ಕ ಹೆಕ್ಟೇರಿಗೆ ನೀರೆತ್ತಿ ಕೊಡಲೆಂದು ರೂಪುಗೊಂಡದ್ದು. ಆದರೆ ಏತ ಇದ್ದ ನೀರನ್ನು ಎತ್ತೀತೇ ಹೊರತು ಇಲ್ಲದ್ದನ್ನು ಎತ್ತಲಾರದು. ಫುಟ್‌ವಾಲ್ವಿನ ಕೆಳಗೆ ನೀರಿಳಿದರೆ ಲಕ್ಷ ರೂಪಾಯಿಯ ಪಂಪೂ ಗಾಳಿ ಕುಡಿಯುತ್ತದೆ. ಇನ್ನು ಲಿಖಿತಜಲದ ಮೂಲ ನೋಡಿ. ಕೃಷ್ಣಾ ಜಲವಿವಾದದ ಬಚಾವತ್ ನ್ಯಾಯಮಂಡಳಿ 1976ರಲ್ಲಿ ಭೀಮೆಯ ಮುಖ್ಯ ಹರಿವಿನಿಂದ ಮಹಾರಾಷ್ಟ್ರ 95 ಟಿಎಂಸಿ ಮೀರಬಾರದು, ಕರ್ನಾಟಕ 15 ಟಿಎಂಸಿ ಮೀರಬಾರದು ಎಂದಿತು. ನಾವು ಈ 15ನ್ನು 'ನಮ್ಮ ಪಾಲು' ಎನ್ನುತ್ತೇವೆ. ಆದರೆ ಆ ಸಾಲಿನಲ್ಲಿರುವುದು ಮೀರಬಾರದ ಮಿತಿ ಮಾತ್ರ. ಮಾಡು ಕಟ್ಟಿದ್ದಾರೆ, ನೆಲ ಹಾಕಿಲ್ಲ. ಹರಿಗೋಲಿಗೆ ಬೇಕಾದದ್ದು ನೆಲ: ಇಷ್ಟಕ್ಕಿಂತ ಇಳಿಯಬಾರದೆಂಬ ಒಂದು ಗೆರೆ.

ಪೂರ್ವಪಕ್ಷ: ಬರ ಗಡಿ ನೋಡಿ ಬರುವುದಿಲ್ಲ, ಮೇಲಿನ ರೈತನೂ ಬಾಯಾರಿದ್ದಾನೆ. ಒಪ್ಪಿದೆವು, ಸೊಲ್ಲಾಪುರದ ರೈತನ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಬರವನ್ನು ಹಂಚಿಕೊಳ್ಳಲು ಒಂದು ನಿಯಮ ಬೇಕು. ಅದಿಲ್ಲದಲ್ಲಿ ಕೆಳಗಿದ್ದವನ ಪಾಲಿಗೆ ಮರಳೇ ಗತಿ. ಇನ್ನೊಂದು ಆಕ್ಷೇಪ: 2020ರ ಅಕ್ಟೋಬರಿನಲ್ಲಿ ಸೊನ್ನದ ಗೇಟುಗಳಿಂದ ಲಕ್ಷಗಟ್ಟಲೆ ಕ್ಯೂಸೆಕ್ ಹರಿಯಿತಲ್ಲ, ಸರಾಸರಿ ಹಿಡಿದರೆ ಕೊರತೆಯೆಲ್ಲಿದೆ? ಇದಕ್ಕೆ ನಗಬೇಕೋ ಬೈಯಬೇಕೋ ತಿಳಿಯದು. ಆಗ ಜನರನ್ನು ಊರೊಳಗಿನಿಂದ ದೋಣಿಯಲ್ಲಿ ಹೊರತಂದರು. 2024ರ ಮಾರ್ಚಿನಲ್ಲಿ ಅದೇ ಭೀಮೆಗೆ ನೀರು ಬಿಡಿಸಿರೆಂದು ಅಫಜಲಪುರದಲ್ಲಿ ಉಪವಾಸ ಕೂತರು. ಮುಳುಗಿಸಿದ ನೀರನ್ನೂ ಬಾರದ ನೀರನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಯಾರ ಕೊಡವೂ ತುಂಬುವುದಿಲ್ಲ. ಮರಳಲ್ಲಿ ವರತೆ ತೋಡಿ, ಕದಡು ತಿಳಿಯಾಗುವವರೆಗೆ ಕಾದು, ಚರಿಗೆಯಿಂದ ಮೊಗೆದು ಕೊಡ ತುಂಬಿಸುವ ಹೆಣ್ಣುಮಗಳಿಗೆ ಸರಾಸರಿ ಹೇಳುವವರು ಅವಳೆದುರು ಬಂದು ಹೇಳಲಿ.

ಆದ್ದರಿಂದ ಸಿದ್ಧಾಂತ: ಟಿಎಂಸಿಯ ಜೊತೆಗೆ ಹರಿಗೋಲನ್ನೂ ಅಳತೆಯಾಗಿ ಹಿಡಿಯಬೇಕು. ಅದು ತೇಲಲು ಮೊಳದಷ್ಟು ನೀರಾದರೆ ಸಾಕು. ಫೆಬ್ರವರಿಯಿಂದ ಮೇವರೆಗೆ ಸೊನ್ನದ ಕೆಳಗೆ ಒಬ್ಬ ಅಂಬಿಗ ಹರಿಗೋಲಿನಲ್ಲಿ ದಡ ದಾಟುವಷ್ಟು ಹರಿವು ಉಳಿಯಬೇಕು ಎಂದು 'ಮೀರಬಾರದು' ಎಂಬುದರ ಪಕ್ಕದಲ್ಲಿ ಒಂದು ಸಾಲು ಬರೆಯಲಿ. ಬರೆದ ದಿನ ಈ ಮೀಮಾಂಸೆಯನ್ನು ನಾವೇ ಹರಿದು ಹೊಳೆಗೆ ಬಿಡುತ್ತೇವೆ. ಬಿಡಲಿಕ್ಕಾದರೂ ಹೊಳೆ ಬೇಕಲ್ಲ!