ಹಿಂಬದಿಯ ಅಕ್ಷರಾಭ್ಯಾಸ

ಮೈದಾ ಚೀಲದ ಬಟ್ಟೆಗೆ ಸಾವಿಲ್ಲ ಅನ್ನುವುದು ನಮ್ಮಮ್ಮನ ದೃಢ ನಂಬಿಕೆ. ಮನೆಗೆ ಬಂದ ಹೊಸತರಲ್ಲಿ ಅದು ಚಡ್ಡಿಯೋ ಒಳಲಂಗವೋ ಆಗುತ್ತಿತ್ತು. ಹಳತಾದರೆ ದಿಂಬಿನ ಕವರು. ಅದೂ ಸವೆದರೆ ಹಪ್ಪಳ ಒಣಗಿಸುವ ಬಟ್ಟೆ, ಮಸಿಬಟ್ಟೆ, ಕಡೆಗೆ ನೆಲ ಒರೆಸುವ ಬಟ್ಟೆ. ಮಧ್ಯದಲ್ಲಿ ಯಾವುದೋ ಹಂತದಲ್ಲಿ ಇಡ್ಲಿ ತಟ್ಟೆಗೆ ಹಾಸುವ ಬಟ್ಟೆಯೂ ಆಗುತ್ತಿತ್ತು. ಅದರ ಪೂರ್ವಾಶ್ರಮದ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ವಿಚಾರಿಸುತ್ತಿರಲಿಲ್ಲ. ಇಡ್ಲಿ ಮೆತ್ತಗಿರುತ್ತಿತ್ತು, ಅಷ್ಟು ಸಾಕು.

ಚೀಲದ ಮೂಲ ನಮ್ಮೂರಿನ ಅಯ್ಯಂಗಾರ್ ಬೇಕರಿ. ಅಲ್ಲಿ ಖಾಲಿ ಚೀಲ ಕೊಳ್ಳುವುದಕ್ಕೆ ಅಮ್ಮ ತೋರಿಸುತ್ತಿದ್ದ ಶ್ರದ್ಧೆಯನ್ನು ರೇಷ್ಮೆ ಸೀರೆ ಅಂಗಡಿಯಲ್ಲೂ ತೋರಿಸಿದ್ದು ನಾನು ಕಾಣೆ. ಒಂದೊಂದನ್ನೂ ಕೊಡವಿ, ಬಾಗಿಲ ಬೆಳಕಿಗೆ ಹಿಡಿದು, ಹಮಾಲರ ಕೊಕ್ಕೆ ಎಲ್ಲೆಲ್ಲಿ ತೂತು ಮಾಡಿದೆ ಎಂದು ಹುಡುಕುವಳು.

“ಇದರಲ್ಲಿ ತೂತಿದೆ ಸ್ವಾಮಿ, ಬೇರೆ ಕೊಡಿ.”

“ಅಮ್ಮಾ, ಇದು ಮೈದಾ ತುಂಬೋಕೆ ಬಂದಿದ್ದು, ಮದುವೆ ಜವಳಿ ಅಲ್ಲ.”

“ಮೈದಾ ಸೋರಿದರೆ ನಿಮಗೆ ನಷ್ಟ, ಚಡ್ಡಿ ಸೋರಿದರೆ ನಮಗೆ ಮರ್ಯಾದೆ ಪ್ರಶ್ನೆ!”

ಬೇಕರಿಯವರು ಮರುಮಾತಿಲ್ಲದೆ ಬೇರೆ ಚೀಲ ಎಳೆದು ಹಾಕುತ್ತಿದ್ದರು.

ಮನೆಗೆ ತಂದ ಮೇಲೆ ಬಿಚ್ಚುವ ವಿದ್ಯೆ. ಚೀಲದ ಬಾಯಿಗೆ ಹಾಕಿದ್ದು ಸರಪಳಿ ಹೊಲಿಗೆ. ಸರಿಯಾದ ತುದಿ ಸಿಕ್ಕಿ, ಸರಿಯಾದ ಎಳೆ ಹಿಡಿದು ಎಳೆದರೆ ಇಡೀ ಹೊಲಿಗೆ ಸರ್ರನೆ ಕಳಚಿ ಕೈಗೆ ಬರುತ್ತಿತ್ತು. ತಪ್ಪು ತುದಿಯಿಂದ ಶುರುಮಾಡಿದರೆ ಒಂದೊಂದು ಹೊಲಿಗೆಯೂ ಗಂಟು ಬಿಗಿದುಕೊಂಡು, ಬ್ಲೇಡು ತರುವವರೆಗೆ ಜಗ್ಗುತ್ತಿರಲಿಲ್ಲ. ಬಿಚ್ಚಿದ ದಾರವೇನು ವ್ಯರ್ಥವೇ? ಹಳೆಯ ಲಗ್ನಪತ್ರಿಕೆಯ ರಟ್ಟಿಗೆ ಸುತ್ತಿಟ್ಟರೆ ಹೂ ಕಟ್ಟುವುದಕ್ಕೆ ಆಯಿತು. ನಮ್ಮ ಗಾಳಿಪಟಕ್ಕೂ ಅದೇ ದಾರ, ಅಮ್ಮ ನೋಡದಿದ್ದಾಗ.

ನಿಜವಾದ ಯುದ್ಧ ನಡೆಯುತ್ತಿದ್ದದ್ದು ಅಕ್ಷರಗಳ ಜೊತೆ. ಗಿರಣಿಯವರು ಚೀಲದ ಮೇಲೆ ತಮ್ಮ ಹೆಸರು, ಊರು, ಆನೆಯದೋ ಕಮಲದ್ದೋ ಚಿತ್ರ ಎಲ್ಲವನ್ನೂ ಕೆಂಪು ನೀಲಿ ಶಾಯಿಯಲ್ಲಿ ಒತ್ತಿ ಕಳಿಸುತ್ತಿದ್ದರು. ಅಮ್ಮ ಮೊದಲು ಸೀಮೆಎಣ್ಣೆ ಹಚ್ಚಿ ತಿಕ್ಕುವಳು. ಆಮೇಲೆ ವಾಷಿಂಗ್ ಸೋಡಾ ಹಾಕಿ ಹಂಡೆಯಲ್ಲಿ ಕುದಿಸುವಳು, ಬಾರ್ ಸೋಪು ಸವೆಸುವಳು, ಬಿಸಿಲಿಗೆ ಹರವುವಳು. ಆನೆ ಹೋಗುತ್ತಿತ್ತು, ಕಮಲ ಹೋಗುತ್ತಿತ್ತು, ಊರ ಹೆಸರು ಅರ್ಧ ಹೋಗುತ್ತಿತ್ತು. ಏನು ಮಾಡಿದರೂ ಹೋಗದೆ ಉಳಿಯುತ್ತಿದ್ದದ್ದು ತೂಕ. ಬಟ್ಟೆ ಪೋಲಾಗದಂತೆ ಕತ್ತರಿಸುವುದೇ ಅಮ್ಮನಿಗೆ ಮುಖ್ಯವಾದ್ದರಿಂದ ಆ ತೂಕ ಹೋಗಿ ಕೂರುತ್ತಿದ್ದದ್ದು ಸರಿಯಾಗಿ ಹಿಂಬದಿಗೆ. ಕಡ್ಡಿಯಂತಿದ್ದ ನನ್ನ ತಮ್ಮ ‘ನೆಟ್ ವೆಯ್ಟ್ 90 ಕೆಜಿ’ ಎಂದು ಸಾರುತ್ತಾ ಬೀದಿಯಲ್ಲಿ ಗೋಲಿ ಆಡುತ್ತಿದ್ದ.

ಐದನೇ ಕ್ಲಾಸಿಗೆ ಬಂದ ಮೇಲೆ ಇಂಗ್ಲಿಷ್ ಶುರುವಾಗುತ್ತಿದ್ದ ಕಾಲ ಅದು. ನಾನು ಅದಕ್ಕೂ ಮೊದಲೇ ಎನ್, ಇ, ಟಿ ಕಲಿತಿದ್ದೆ. ತಮ್ಮ ಬಗ್ಗಿದಾಗಲೆಲ್ಲ ಪಾಠ. ಆದರೆ ಗುರುಗಳು ಒಂದು ಕಡೆ ನಿಲ್ಲುತ್ತಿರಲಿಲ್ಲ.

ಕೆಲವು ಹುಡುಗರದು ನಮಗಿಂತ ಮೇಲಿನ ದರ್ಜೆ. ಅವರ ಚಡ್ಡಿ ಅಮೆರಿಕದ್ದು. 1954ರಲ್ಲಿ ಅಮೆರಿಕ ಮಾಡಿದ ಪಿಎಲ್ 480 ಎಂಬ ಕಾನೂನಿನಡಿ ಅಲ್ಲಿನ ಹೆಚ್ಚುವರಿ ಗೋಧಿ ನಮ್ಮ ದೇಶಕ್ಕೆ ಹಡಗುಗಟ್ಟಲೆ ಬಂತು. ಶಾಲೆಗಳಲ್ಲಿ ಕೇರ್ ಎಂಬ ನೆರವು ಸಂಸ್ಥೆಯ ಉಪ್ಪಿಟ್ಟು ಬೆಂದಿತು. ಆ ಉಪ್ಪಿಟ್ಟಿನ ಘಮ ನೆನೆದು ಇಂದಿಗೂ ಕಣ್ಣು ಮುಚ್ಚುವ ನಿವೃತ್ತ ಮೇಷ್ಟರುಗಳಿದ್ದಾರೆ. ನೆರವಿನ ಚೀಲಗಳ ಮೇಲೆ ಪಟ್ಟೆ ನಕ್ಷತ್ರಗಳ ಗುರಾಣಿ, ಅದರ ಮುಂದೆ ಕೈ ಕುಲುಕುತ್ತಿರುವ ಎರಡು ಹಸ್ತಗಳು, ಕೆಳಗೆ ‘ಮಾರುವಂತಿಲ್ಲ, ವಿನಿಮಯ ಮಾಡುವಂತಿಲ್ಲ’ ಎಂದು ಇಂಗ್ಲಿಷಿನಲ್ಲಿ ತಾಕೀತು. ಖಾಲಿ ಚೀಲ ಶಾಲೆಯಿಂದ ಮನೆಗೆ ಹೇಗೆ ನಡೆದು ಬರುತ್ತಿತ್ತೋ ಕೇಳಬೇಡಿ. ಬಂದು ಚಡ್ಡಿಯಾದ ಮೇಲೆ ಆ ತಾಕೀತು ಹುಡುಗನಿಗೇ ಅನ್ವಯಿಸುತ್ತಿತ್ತು. ದಕ್ಷಿಣ ಕೊರಿಯಾದ ಹಿರಿಯರೂ ಇದೇ ಹಸ್ತಲಾಘವದ ಒಳಚಡ್ಡಿಗಳನ್ನು ನೆನೆಸಿಕೊಂಡು ನಗುತ್ತಾರಂತೆ. ಎರಡು ದೇಶಗಳ ಸ್ನೇಹದ ಮೇಲೆ ಇಷ್ಟು ಮಕ್ಕಳು ಕೂತದ್ದು ಚರಿತ್ರೆಯಲ್ಲಿ ಇನ್ನೆಲ್ಲೂ ಇರಲಾರದು.

ಅದೇ ಅಮೆರಿಕದವರು ತಮ್ಮ ಹೆಂಗಸರ ವಿಷಯಕ್ಕೆ ಬಂದಾಗ ಎಷ್ಟು ರಸಿಕರು ನೋಡಿ. ಅಲ್ಲಿಯೂ ರೈತರ ಮನೆಗಳಲ್ಲಿ ಹಿಟ್ಟಿನ ಚೀಲ, ಕೋಳಿ ಆಹಾರದ ಚೀಲಗಳೇ ಮಕ್ಕಳ ಅಂಗಿ ಆಗುತ್ತಿದ್ದವು. ಅಲ್ಲಿಯೂ ಸೀಮೆಎಣ್ಣೆ ತಿಕ್ಕಾಟವೇ. ಇದನ್ನು ಗಮನಿಸಿದ ಸೇಂಟ್ ಲೂಯಿಸಿನ ಒಂದು ಗಿರಣಿ 1925ರ ಹೊತ್ತಿಗೆ ಚೌಕಳಿ ಬಟ್ಟೆಯಲ್ಲೇ ಹಿಟ್ಟು ತುಂಬಿ, ‘ಗಿಂಗಮ್ ಗರ್ಲ್’ ಎಂದು ಹೆಸರಿಟ್ಟು ಮಾರಿತು. ಉಳಿದವರು ಬಿಟ್ಟಾರೆಯೇ? ಮುಂದಿನ ದಶಕದಲ್ಲಿ ಹೂ, ಹಕ್ಕಿ, ಬುಗುರಿಯ ಚಿತ್ರಗಳೆಲ್ಲ ಚೀಲ ಏರಿದವು. ಗಿರಣಿಯ ಹೆಸರು ಸುಲಭವಾಗಿ ಕಿತ್ತು ಬರುವ ಕಾಗದದ ಚೀಟಿಗೆ ಇಳಿಯಿತು. ದೊಡ್ಡವರ ಒಂದು ಫ್ರಾಕಿಗೆ ಮೂರ್ನಾಲ್ಕು ಚೀಲ ಬೇಕು, ಎಲ್ಲದರ ಮೇಲೂ ಒಂದೇ ಹೂವಿರಬೇಕು. ಪಾಪ, ಗಂಡ ಕೋಳಿ ಆಹಾರ ತರಲು ಹೋದರೆ ಹೆಂಡತಿ ಕೊಟ್ಟ ಬಟ್ಟೆ ಚೂರು ಕೈಯಲ್ಲಿ ಹಿಡಿದು ಚೀಲದ ರಾಶಿಯ ಮುಂದೆ ನಿಲ್ಲಬೇಕಿತ್ತು. ಬೇಕಾದ ಹೂವು ಯಾವಾಗಲೂ ರಾಶಿಯ ತಳದಲ್ಲೇ. ಕೋಳಿಗೆ ಯಾವ ಆಹಾರ ರುಚಿ ಎಂದು ಕೇಳಿದವರಿಲ್ಲ. ಕಾಗದದ ಚೀಲ ಬಂದು ಬಟ್ಟೆ ಚೀಲದ ಸಂಸಾರ ಮುಳುಗತೊಡಗಿದಾಗ, ಅದನ್ನು ಉಳಿಸಿಕೊಳ್ಳಲು ಹತ್ತಿಯವರೂ ಚೀಲದವರೂ ಸೇರಿ ಹೊಲಿಗೆ ಸ್ಪರ್ಧೆ ನಡೆಸಿ ‘ಚೀಲದ ಹೊಲಿಗೆ ರಾಣಿ’ಯನ್ನೂ ಆರಿಸಿದರು!

ನಮ್ಮ ಗಿರಣಿಗಳಿಗೆ ಈ ಬುದ್ಧಿ ಏಕೆ ಹೊಳೆಯಲಿಲ್ಲ ಎಂದು ನಾನು ಬಹಳ ತಲೆ ಕೆಡಿಸಿಕೊಂಡಿದ್ದೇನೆ. ಕಾರಣ ಸರಳ. ಅಲ್ಲಿ ಚೀಲಗಟ್ಟಲೆ ಹಿಟ್ಟು ಮನೆಗೇ ಬರುತ್ತಿತ್ತು, ಯಾವ ಚೀಲ ಅನ್ನುವುದನ್ನು ಮನೆಯಾಕೆ ತೀರ್ಮಾನಿಸುತ್ತಿದ್ದಳು. ನಮ್ಮಲ್ಲಿ ಮೈದಾ ಕೊಳ್ಳುವವರು ಬೇಕರಿಯವರು, ಹೋಟೆಲಿನವರು. ಅವರಿಗೆ ಹೂವಿನ ಚೀಲ ಕೊಟ್ಟು ಗಿರಣಿಗೆ ಏನು ಲಾಭ? ಬೇಕರಿ ಅಯ್ಯಂಗಾರ್ರು ಫ್ರಾಕ್ ಹಾಕುತ್ತಿರಲಿಲ್ಲ. ಹಾಗಾಗಿ ನಮ್ಮ ಪಾಲಿಗೆ 90 ಕೆಜಿಯೇ ಗತಿಯಾಯಿತು.

ಈಚೆಗೆ ಬೆಂಗಳೂರಿನ ಅಂಗಡಿಯೊಂದರಲ್ಲಿ ಸೋಫಾ ದಿಂಬಿನ ಕವರು ನೋಡಿದೆ. ಬಿಳುಪು ಮಾಡದ ಒರಟು ಹತ್ತಿ, ಅದರ ಮೇಲೆ ಬೇಕೆಂದೇ ಮಾಸಿದಂತೆ ಅಚ್ಚು ಹಾಕಿದ ಗಿರಣಿಯ ಹೆಸರು, ತೂಕ. ಬೆಲೆ ಕೇಳಿದರೆ ಆ ದುಡ್ಡಿಗೆ ಒಳಗೆ ತುಂಬಲು ಮೈದಾವನ್ನೇ ಕೊಳ್ಳಬಹುದು. ಅಮ್ಮ ಒಂದು ವಾರ ಕೈ ಉರಿಸಿಕೊಂಡು ಅಳಿಸುತ್ತಿದ್ದದ್ದನ್ನು ಇವರು ಕೂಲಿ ಕೊಟ್ಟು ಬರೆಸಿದ್ದಾರೆ. ಚಡ್ಡಿ ಹಾಕಿದವರು ಯಾರೂ ಆ ಕವರು ಕೊಳ್ಳುವುದಿಲ್ಲ, ಅದು ಹಾಕದವರ ಹಳೆಯ ನೆನಪು. ಬಟ್ಟೆಯ ಬಗ್ಗೆ ಮಾತ್ರ ನನಗೂ ಮೋಹ ಉಂಟು. ಒಗೆದಷ್ಟೂ ಮೆತ್ತಗಾಗಿ, ಬೆವರು ಹೀರಿ, ಬೇಸಿಗೆಯ ಮಧ್ಯಾಹ್ನ ಕೆನ್ನೆಯ ಕೆಳಗೆ ತಣ್ಣಗಿರುತ್ತಿದ್ದ ಅಂಥ ದಿಂಬಿನ ಕವರು ಆಮೇಲೆ ಸಿಕ್ಕಿಲ್ಲ.

ಈಗ ಮೈದಾ ಬರುವುದು ಪ್ಲಾಸ್ಟಿಕ್ ನೇಯ್ಗೆಯ ಚೀಲದಲ್ಲಿ. ಅಮ್ಮ ಅದನ್ನೂ ಬಿಟ್ಟವಳಲ್ಲ. ತರಿಸಿ, ಬೆಳಕಿಗೆ ಹಿಡಿದು, ಬಿಚ್ಚಿ, ಕತ್ತರಿ ಹಾಕಿದಳು. ಹಾಕಿದ ಕಡೆಯೆಲ್ಲ ಎಳೆ ಬಿಟ್ಟುಕೊಂಡು ಹರಿದಾಡಿತು. ಮಷೀನಿನ ಸೂಜಿ ಮುರಿಯಿತು. ಸೋಡಾಗೂ ಜಗ್ಗಲಿಲ್ಲ, ಸೀಮೆಎಣ್ಣೆಗೂ ಜಗ್ಗಲಿಲ್ಲ. ಕನ್ನಡಕ ತೆಗೆದು ಪಕ್ಕಕ್ಕಿಟ್ಟು, ತಿರಸ್ಕಾರದಿಂದ ಅದನ್ನು ಮೂಲೆಗೆ ಎಸೆದು ಅಂದಳು:

“ಇದು ಚೀಲಕ್ಕೇ ಲಾಯಕ್ಕು.”